ಅಲುಗದ ಹೆಬ್ಬೆರಳು

ನನ್ನ ಕೈ ನಡುಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಹೆಂಡತಿ ಭುವನೇಶ್ವರಿಯ ಮಾತು ಕೇಳಿ ನೀವೂ ಅವಳ ಪಕ್ಷ ಸೇರಿಬಿಡುತ್ತೀರಿ.

ಸಂಭಾಜಿನಗರದಲ್ಲಿ ಅವಳ ತಮ್ಮ ಗುರುಪ್ರಸಾದನ ಮಗನಿಗೆ ತೊಟ್ಟಿಲ ಕಾರ್ಯಕ್ರಮ. ಮೊಬೈಲಿನಲ್ಲಿ ವಿಡಿಯೋ ತೆಗೆಯುವ ಮಹತ್ಕಾರ್ಯವನ್ನು ನಾನೇ (ಯಾರೂ ಕೇಳದಿದ್ದರೂ) ವಹಿಸಿಕೊಂಡಿದ್ದೆ. ಎಲ್ಲರೂ ತೊಟ್ಟಿಲ ಕಡೆ ನೋಡುತ್ತಿದ್ದಾಗ ಸ್ಟೂಲಿನ ಮೇಲಿದ್ದ ತುಪ್ಪದ ಪಾತ್ರೆ ಉರುಳಿತು. ಗುರುಪ್ರಸಾದನ ಹೆಂಡತಿಯ ಹೊಸ ಪೈಠಣಿ ಸೀರೆಗೆ ಘೃತಾಭಿಷೇಕ! ಪಾತ್ರೆಯ ಪಕ್ಕ ಕೂತಿದ್ದವಳು ನನ್ನ ಅಕ್ಕ ಸಂಗಮ್ಮ. ಎಲ್ಲರ ಕಣ್ಣೂ ಅವಳ ಮೇಲೆ. ಅಕ್ಕ ಊಟವನ್ನೂ ಮಾಡದೆ ಬೀದರಿನ ಬಸ್ಸು ಹತ್ತಿದಳು.

ನಾಸಿಕ್‌ಗೆ ಮರಳಿದ ಮೇಲೂ ಮನೆಯಲ್ಲಿ ಅದೇ ಯುದ್ಧ.

“ನಿಮ್ಮಕ್ಕನ ಮೊಣಕೈನೇ ತಾಕ್ಯದರಿ.”

“ಸಾಕ್ಷಿ ಅದ ನನ್ನ ಹಂತ್ಯಾಕ! ಪೂರಾ ವಿಡಿಯೋ ಅದ!”

“ನಿಮ್ಮ ವಿಡಿಯೋದಾಗ ಮಂದಿ ಮಾರಿ ಎಲ್ಲಿ ಕಾಣ್ತಾವ್ರಿ? ಬರೇ ಫ್ಯಾನು, ಚಪ್ಪಲಿ!”

ಕಂಪ್ಯೂಟರ್ ಓದುತ್ತಿರುವ ಮಗಳು ಪ್ರಜ್ಞಾ ಕಾಲೇಜಿಗಾಗಿ ಒಂದು ಪ್ರೋಗ್ರಾಮ್ ಮಾಡಿದ್ದಳು. ವಿಡಿಯೋದಲ್ಲಿ ಏನು ಅಲುಗಿದರೂ ಅದು ತಾನೇ ಕಂಡುಹಿಡಿದು ಸುತ್ತ ಕೆಂಪು ಚೌಕ ಹಾಕುತ್ತದೆ. ಅದೇ ನ್ಯಾಯ ಹೇಳಲಿ ಎಂದೆ. ಅಕ್ಕನನ್ನೂ ಗುರುಪ್ರಸಾದನನ್ನೂ ವಿಡಿಯೋ ಕಾಲಿನಲ್ಲಿ ಕೂರಿಸಿ, ಟೀವಿಯಲ್ಲಿ ವಿಚಾರಣೆ ಆರಂಭಿಸಿದೆವು.

ಟೀವಿ ತುಂಬ ಕೆಂಪು ಚೌಕಗಳು! ಗೋಡೆಗೆ ಚೌಕ, ದೇವರ ಫೋಟೋಕ್ಕೆ ಚೌಕ, ಕಿಟಕಿಗೆ ಚೌಕ.

“ಅರೇ ಪಪ್ಪಾ, ಪೂರಾ ಘರ್ ಹಿಲ್ತದ!” ಎಂದಳು ಪ್ರಜ್ಞಾ. “ಒಂದೇ ಚೀಜ್ ಹಿಲ್ಲಂಗಿಲ್ಲ. ಮೂಲ್ಯಾಗ ಈ ಕಾಳಾ ಕಾಳಾ ಕಪ್ಪು ಕಲೆ ಅದಲ್ಲಾ, ಅದು ನಿಮ್ಮ ಹೆಬ್ಬೆರಳು.”

“ನೋಡ್ರಿ!” ಎಂದು ಎದ್ದು ನಿಂತೆ. “ಮನಿ ಅಲುಗಿದ್ರೂ ನನ್ನ ಬೆರಳು ಅಲುಗಿಲ್ಲ! ಕೈ ನಡಗ್ತದಂತ ಇನ್ನ ಯಾರರೆ ಅಂದೀರಿ!”

ಮಗಳು ಏನೋ ಒತ್ತಿ ‘ಕ್ಯಾಮೆರಾದ ಕುಣಿತ’ವನ್ನು (ಅವಳ ಮಾತು, ನನ್ನದಲ್ಲ) ಕಳೆದಳು. ಚೌಕಗಳು ಕರಗಿದವು. ಬೀರುವಿನ ಕನ್ನಡಿಯಲ್ಲಿ ಅಕ್ಕ ಕಂಡಳು. ಕೈಗಳು ಮಡಿಲಲ್ಲಿ. ಪಕ್ಕದಲ್ಲಿ ಪಾತ್ರೆ. ಅವಳ ಸುತ್ತ ಚೌಕವೇ ಇಲ್ಲ!

“ಕಂಡ್ಯಾ? ನಮ್ಮಕ್ಕ ಜರಾನೂ ಮಿಸುಕಿಲ್ಲ!” ಎಂದು ತೊಡೆ ತಟ್ಟಿದೆ. ಫೋನಿನಲ್ಲಿ ಅಕ್ಕ ಕಣ್ಣೊರೆಸಿಕೊಂಡಳು. ಭುವನೇಶ್ವರಿ ಮುಖ ಆಚೆ ತಿರುಗಿಸಿದಳು. ಆಹಾ, ಆ ಗಳಿಗೆ!

“ಪಪ್ಪಾ, ಥಾಂಬಾ, ಜರಾ ನಿಲ್ಲ್ರಿ,” ಎಂದಳು ಮಗಳು.

ಕನ್ನಡಿಯಲ್ಲಿ ಒಂದು ಚೌಕ ಹುಟ್ಟಿತು. ಅದರೊಳಗೆ ಮೊಬೈಲು ಕಣ್ಣಿಗೆ ಹಿಡಿದ ಒಬ್ಬ ಡೊಳ್ಳುಹೊಟ್ಟೆಯವನು ಹಿಂದೆ ಹಿಂದೆ ಬರುತ್ತಿದ್ದ. ಅವನ ಸೊಂಟ ಸ್ಟೂಲಿಗೆ ತಾಕಿತು. ಮರುಕ್ಷಣ ಪಾತ್ರೆಯ ಸುತ್ತಲೂ ಒಂದು ಚೌಕ.

“ಭಾವಾರ...” ಎಂದು ಗುರುಪ್ರಸಾದ ರಾಗ ಎಳೆದ.

“ಕನ್ನಡಿಯೊಳಗ ಎಡ ಬಲ ಆಗ್ತದ! ಇದು ಕೋರ್ಟಿನ್ಯಾಗ ನಡ್ಯಂಗಿಲ್ಲ!” ಎಂದು ಗುಡುಗಿದೆ. ಕೇಳುವವರು ಯಾರು? ಭುವನೇಶ್ವರಿ ಅಕ್ಕನ ಕ್ಷಮೆ ಕೇಳಿದಳು. ಅಕ್ಕ, “ಅವ ಸಣ್ಣಾಂವ ಇದ್ದಾಗಿಂದ ಹಂಗೇ ಬಿಡವ್ವ,” ಎಂದಳು. ಇಬ್ಬರೂ ನಗತೊಡಗಿದರು. ನ್ಯಾಯ ಗೆದ್ದದ್ದು ನನ್ನ ವಿಡಿಯೋದಿಂದ ಎಂದು ಒಬ್ಬರಾದರೂ ಹೇಳಬೇಡವೇ?

ಮುಂದಿನ ತಿಂಗಳು ಅದೇ ಮಗುವಿನ ಜವಳ, ಮೊದಲ ಕೂದಲು ತೆಗೆಸುವ ಶಾಸ್ತ್ರ. ಈ ಸಲ ವಿಡಿಯೋ ಪ್ರಜ್ಞಾಳದು. ನಾನು ಒಂದೇ ಕುರ್ಚಿಯಲ್ಲಿ ಕೂರಬೇಕಂತೆ. ನನ್ನ ಸುತ್ತ ಕೆಂಪು ಚೌಕ ಬಂದರೆ ಹೋಳಿಗೆ ಬಂದ್.

ನಾನು ಹೆದರುತ್ತೇನೆಯೇ? “ಹಚ್ಚ್ರಿ ನಿಮ್ಮ ಪ್ರೋಗ್ರಾಮ್! ಮುಂಜಾನಿಂದ ಸಂಜೀತನಕ ಕೂಡ್ತೀನಿ. ನಾ ಇದ್ದೀನಂತ ಅದಕ್ಕ ಗೊತ್ತೇ ಆಗಬಾರದು, ಹಂಗ ಕೂಡ್ತೀನಿ!” ಎಂದು ಎದೆಯುಬ್ಬಿಸಿ ಸವಾಲು ಹಾಕಿದೆ.

“ಅದಕ್ಕ ಸವಾಲು ಯಾಕ್ರಿ?” ಎಂದಳು ಭುವನೇಶ್ವರಿ, ಕುರ್ಚಿ ಬಿಟ್ಟೇಳದ ನನ್ನ ಕೈಗೇ ಚಹಾದ ಕಪ್ಪು ತಂದುಕೊಡುತ್ತಾ. “ಮನ್ಯಾಗ ದಿನಾ ಗೆಲ್ತೀರಲ್ಲ.”