ನೆಲ ಡೊಂಕಿದ್ದ ಮನೆಯಿಂದ ರಸಮಟ್ಟ ಮಹಾಶಯರಿಗೆ

ಮಾನ್ಯ ರಸಮಟ್ಟ ಮಹಾಶಯರೇ,

ತಮ್ಮ ಉದ್ದನೆಯ ಹಳದಿ ಮೈಗೂ, ಅದರ ನಡುವಿನ ಗಾಜಿನ ಕೊಳವೆಯಲ್ಲಿ ಹಸಿರು ನೀರಿನೊಳಗೆ ತೇಲುತ್ತ ಸದಾ ನ್ಯಾಯವನ್ನೇ ನುಡಿಯುವ ಆ ಪುಟ್ಟ ಗುಳ್ಳೆಗೂ ಸೊಟ್ಟ ಮನೆಯೊಂದರ ಸೊಸೆಯ ನೆಟ್ಟಗಿನ ನಮಸ್ಕಾರಗಳು. ಗಾರೆಯವರ ಬಾಯಲ್ಲಿ ರಸಮಟ್ಟ, ಹುಡುಗರ ಬಾಯಲ್ಲಿ ಲೆವೆಲ್ಲು ಎನಿಸಿಕೊಳ್ಳುವ ತಾವು ಚರ್ಚಿನ ಯುವಜನ ಸಂಘದ ಸಲಕರಣೆ ಪೆಟ್ಟಿಗೆಯ ಹಿರಿಯ ಸದಸ್ಯರೆಂದೂ, ಹಳ್ಳಿಗಳಲ್ಲಿ ಇಲ್ಲದವರ ಮನೆಗಳನ್ನು ಪುಕ್ಕಟೆಯಾಗಿ ರಿಪೇರಿ ಮಾಡಿಕೊಡುವ ಅವರ ಪುಣ್ಯಕಾರ್ಯದಲ್ಲಿ ತಮ್ಮ ಮಾತೇ ಕೊನೆಯ ಮಾತೆಂದೂ ನಾನು ಬಲ್ಲೆ. ಕೆಲಸ ಮುಗಿಸಿ ಹೊರಡುವ ಗಡಿಬಿಡಿಯಲ್ಲಿ ಅವರು ತಮ್ಮನ್ನು ನಮ್ಮ ಕಿಟಕಿಯ ಕಟ್ಟೆಯ ಮೇಲೆಯೇ ಮರೆತುಹೋಗಿರುವುದರಿಂದ ಈ ಪತ್ರಕ್ಕೆ ಅಂಚೆಚೀಟಿ ಹಚ್ಚುವ ಪ್ರಮೇಯ ಬರಲಿಲ್ಲ. ತಮ್ಮ ಎದುರಿಗೇ ನಿಂತು ಗಟ್ಟಿಯಾಗಿ ಓದಿದ್ದೇನೆ. ಆದರೂ ಇದರ ಒಂದು ಪ್ರತಿಯನ್ನು ಚರ್ಚಿನ ಸೂಚನಾ ಫಲಕಕ್ಕೆ ಅಂಟಿಸುವವಳಿದ್ದೇನೆ, ಏಕೆಂದರೆ ತಮಗೆ ಕಿವಿ ಇದೆಯೋ ಇಲ್ಲವೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ.

ಮೊದಲಿಗೆ ನಮ್ಮ ಬೇಡಿಕೆ ಏನಿತ್ತೆಂಬುದನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ. ಅಡುಗೆಮನೆಯ ಮೇಲಿನ ಕೆಲವು ಹೆಂಚು ಒಡೆದು, ಮಳೆ ಬಂದರೆ ಒಲೆಯ ಪಕ್ಕದಲ್ಲಿ ಪಾತ್ರೆ ಹಿಡಿಯಬೇಕಾಗಿತ್ತು. ಆ ಹೆಂಚುಗಳನ್ನು ಬದಲಾಯಿಸಿಕೊಟ್ಟರೆ ಉಪಕಾರವಾಗುತ್ತದೆಂದು ಪಾದ್ರಿಗಳ ಮೂಲಕ ಕೇಳಿಕೊಂಡಿದ್ದೆವು, ಅಷ್ಟೇ. ಸಂಘದವರು ವ್ಯಾನಿನಲ್ಲಿ ಬಂದಿಳಿದರು. ಪ್ರತಿಯೊಬ್ಬರ ಅಂಗಿಯ ಬೆನ್ನಿನ ಮೇಲೂ 'ನಿಮ್ಮ ಮನೆ, ನಮ್ಮ ಕೈ' ಎಂದು ಅಚ್ಚಾಗಿತ್ತು. ನಮ್ಮ ಮನೆ ನಮ್ಮ ಕೈಬಿಟ್ಟಿತೆಂದು ನನಗೆ ಆಗಲೇ ಹೊಳೆಯಬೇಕಿತ್ತು. ಏಣಿಗೊಂದು ಪ್ರಾರ್ಥನೆ, ಹೆಂಚಿಗೊಂದು ಪ್ರಾರ್ಥನೆ ಮುಗಿಸಿ, ನಮ್ಮ ಅತ್ತೆಯವರು ತಂದುಕೊಟ್ಟ ಟೀ ಕುಡಿದು, ಏಣಿ ನಿಲ್ಲಿಸುವ ಮುಂಚೆ ನೆಲ ಹೇಗಿದೆ ನೋಡೋಣವೆಂದು ಸಂಘದ ನಾಯಕಿ ತಮ್ಮನ್ನು ನಡುಮನೆಯಲ್ಲಿ ಮಲಗಿಸಿದಳು. ತಮ್ಮ ಗುಳ್ಳೆ ನಾಯಿ ಕಂಡ ಬೆಕ್ಕಿನಂತೆ ಒಂದೇ ಓಟಕ್ಕೆ ಮೂಲೆ ಸೇರಿತು. ಈ ನಾಯಕಿಯಾದರೋ, ಜನರ ಸೊಟ್ಟ ಹಲ್ಲಿಗೆ ತಂತಿ ಬಿಗಿಯುವ ದಂತವೈದ್ಯರ ಬಳಿ ಸಹಾಯಕಿ; ಸೊಟ್ಟಗಿರುವುದು ಕಣ್ಣಿಗೆ ಬಿದ್ದರೆ ಕೈಕಟ್ಟಿ ಕೂರುವ ಜಾಯಮಾನದವಳಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಗಾದೆಯಲ್ಲಿ ಮಾತ್ರ ಕೇಳಿದ್ದೆ. ಸೂರು ಸೋರಿದರೆ ನೆಲ ಅಗೆಯುವುದನ್ನು ತಮ್ಮ ಕೃಪೆಯಿಂದ ಅನುಭವದಲ್ಲೇ ಕಂಡೆ. ಹೆಂಚನ್ನೂ ಕೊನೆಗೆ ಹಾಕಿಕೊಟ್ಟರು, ಸುಳ್ಳು ಹೇಳಬಾರದು.

ನಮ್ಮ ನೆಲ ಡೊಂಕಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಈ ಮನೆಯನ್ನು ಕಟ್ಟಿದವರು ತೀರಿಹೋದ ನಮ್ಮ ಮಾವನವರು. ಮನೆ ಕಟ್ಟಿ ನೋಡು ಎಂದು ಹಿರಿಯರು ಹೇಳಿದ್ದರೆ, ಮಾವನವರು ನೋಡಿಕೊಂಡೇ ಕಟ್ಟಿದರು. ಅಳೆಯುವ ಗೋಜಿಗೆ ಹೋಗಲಿಲ್ಲ. ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣಿನಲ್ಲಿ ನೋಡಿ ಸರಿಯಾಗಿದೆ ಎಂದುಬಿಟ್ಟರೆ ಮೇಸ್ತ್ರಿ ಮಾತಾಡುವಂತಿರಲಿಲ್ಲ. ಹಾಗಾಗಿ ಬೀದಿಬಾಗಿಲಿನಿಂದ ಅಡುಗೆಮನೆಯ ಮೂಲೆ ತಲುಪುವಷ್ಟರಲ್ಲಿ ನೆಲ ಒಂದು ಗೇಣು ಇಳಿದಿರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಯಾರೂ ಆಡಬಾರದೆಂದು ಕಟ್ಟಪ್ಪಣೆಯಿದ್ದ ಮನೆ ಲೋಕದಲ್ಲಿ ಬಹುಶಃ ನಮ್ಮದೊಂದೇ, ಏಕೆಂದರೆ ಇಲ್ಲಿ ಹಾಗಂದವಳು ನಿಜವನ್ನೇ ಹೇಳಿದಂತಾಗಿ ಮಾವನವರ ಕಣ್ಣಳತೆಗೆ ಅವಮಾನವಾಗುತ್ತಿತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಲೋಟಗಳ ತಟ್ಟೆಯೊಂದಿಗೆ ನಡುಮನೆಯಲ್ಲಿ ಮುಗ್ಗರಿಸಿದಾಗ ಅತ್ತೆಯವರು, ನೆಲ ಸರಿಯಾಗೇ ಇದೆ ಕಣೇ, ನೀನಿನ್ನೂ ಈ ಮನೆಗೆ ಒಗ್ಗಿಲ್ಲ, ಎಂದಿದ್ದರು. ಅವರು ಹೇಳಿದ ಮೇಲೆ ಒಗ್ಗದೆ ಉಪಾಯವಿರಲಿಲ್ಲ.

ಒಗ್ಗಿದ ಮೇಲೆ ತಿಳಿಯಿತು, ಡೊಂಕು ನೆಲದಂಥ ಉಪಕಾರಿ ಇನ್ನೊಂದಿಲ್ಲ. ಬೀದಿಬಾಗಿಲಲ್ಲಿ ಒಂದು ಬಕೆಟ್ ನೀರು ಸುರಿದರೆ ಅದು ತಾನೇ ಮನೆಯೆಲ್ಲ ತೊಳೆದುಕೊಂಡು ಹಿಂದಿನ ಕಂಡಿಯಿಂದ ಹೊರಟುಹೋಗುತ್ತಿತ್ತು. ನಾನು ಬಟ್ಟೆ ಹೊಲಿಯುವವಳು. ಕೈಜಾರಿದ ದಾರದ ಉಂಡೆ, ಮಗಳ ಚೆಂಡು, ಯಜಮಾನರ ಮಾತ್ರೆ ಎಲ್ಲವೂ ಉರುಳಿ ಅಡುಗೆಮನೆಯ ಮೂಲೆಗೇ ಬಂದು ಸೇರುತ್ತಿದ್ದುದರಿಂದ, ನಮ್ಮಲ್ಲಿ ಏನನ್ನಾದರೂ ಹುಡುಕುವುದೆಂದರೆ ಅಲ್ಲಿ ಹೋಗಿ ಬಗ್ಗುವುದು, ಅಷ್ಟೇ. ಮಂಚ, ಮೇಜು, ಬಟ್ಟೆಯ ಬೀರು, ನನ್ನ ಹೊಲಿಗೆ ಯಂತ್ರ, ಎಲ್ಲದರ ಕಾಲುಗಳನ್ನೂ ಮೊದಲು ಮಾವನವರು, ಅವರ ನಂತರ ನಮ್ಮ ಯಜಮಾನರು, ನೆಲಕ್ಕೆ ತಕ್ಕಂತೆ ಕೊಯ್ದು ಕೂರಿಸಿದ್ದರು. ನೆಲವೂ ಸೊಟ್ಟ, ಕಾಲೂ ಸೊಟ್ಟ. ಎರಡೂ ಸೇರಿ ಸಂಸಾರ ನೆಟ್ಟಗೆ ನಡೆಯುತ್ತಿತ್ತು.

ಸಂಘದವರು ನಮ್ಮನ್ನು ವಾರದ ಮಟ್ಟಿಗೆ ನಾದಿನಿಯ ಮನೆಗೆ ಸಾಗಹಾಕಿದರು. ಆಂಟಿ, ನೀವು ಬರೋ ಹೊತ್ತಿಗೆ ಮನೆ ಗುರುತೇ ಸಿಗಲ್ಲ ನೋಡ್ತಿರಿ, ಎಂದು ನಾಯಕಿ ಕೊಟ್ಟ ಮಾತನ್ನು ಅಕ್ಷರಶಃ ಉಳಿಸಿಕೊಂಡಳೆಂದು ಇಲ್ಲಿ ದಾಖಲಿಸುತ್ತೇನೆ. ಅವರ ದುಡಿಮೆಯ ಬಗ್ಗೆ ನನ್ನದು ಎರಡು ಮಾತಿಲ್ಲ. ಒಂದು ದಿನವೂ ಪುಟ್ಟಿ ಹೊತ್ತು ಗೊತ್ತಿಲ್ಲದ ಆ ಮಕ್ಕಳು ಮರಳು ಹೊತ್ತು, ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು, ಸಿಮೆಂಟಿನ ಚೀಲ ಬಿಚ್ಚುವಾಗಲೆಲ್ಲ ಹಾಡು ಹೇಳಿಕೊಂಡು ದುಡಿದರೆಂದು ಪಕ್ಕದ ಮನೆಯವರು ಹೇಳಿದರು. ನಾವು ಮರಳಿದಾಗ ಎಲ್ಲರೂ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ತಮ್ಮನ್ನು ಮನೆಯ ನಾಲ್ಕೂ ಕಡೆ ಮಲಗಿಸಿ ತೋರಿಸಿದರು. ತಮ್ಮ ಗುಳ್ಳೆ ನಾಲ್ಕೂ ಕಡೆ ನಟ್ಟನಡುವೆ ಕೂತು, ಈ ಮನೆಯವರನ್ನು ಮಟ್ಟ ಹಾಕಿಯಾಯಿತು ಎಂದು ಸಾರಿತು.

ತಮ್ಮ ಸಾಧನೆಗಳನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲವಾದರೂ ಪ್ರಯತ್ನಿಸುತ್ತೇನೆ. ನಮ್ಮ ಮಂಚ ಈಗ ತೊಟ್ಟಿಲಾಗಿದೆ. ಹಾಲಿನ ವ್ಯಾನು ಓಡಿಸುವ ನಮ್ಮ ಯಜಮಾನರು ಮಗ್ಗುಲು ಬದಲಿಸಿದರೆ ವ್ಯಾನು ತಿರುವಿನಲ್ಲಿ ಹೊರಳಿದಂತಾಗಿ ನಾನು ಕಂಬಿ ಹಿಡಿದುಕೊಳ್ಳುತ್ತೇನೆ. ಬೀರುವಿನ ಬಾಗಿಲು ಬಂದವರಿಗೆಲ್ಲ ಹಲ್ಲುಕಿರಿದು ನಮ್ಮ ಒಳಬಟ್ಟೆಗಳ ದರ್ಶನ ಮಾಡಿಸುತ್ತದೆ. ಹೊಲಿಗೆ ಯಂತ್ರವಂತೂ ತುಳಿಯುತ್ತ ಹೋದಂತೆ ಅಂಗುಲ ಅಂಗುಲವಾಗಿ ಬೀದಿಬಾಗಿಲ ಕಡೆ ನಡೆಯುತ್ತದೆ. ಒಂದು ಅಂಗಿಯ ತೋಳು ಮುಗಿಯುವಷ್ಟರಲ್ಲಿ ನಾನು ಹೊಸ್ತಿಲಲ್ಲಿರುತ್ತೇನೆ, ಕಾಲರು ಇಡಲು ಬೀದಿಗೇ ಇಳಿಯಬೇಕೇನೋ. ನೆಲಕ್ಕೆ ಸುರಿದ ನೀರು ಎತ್ತಲೂ ಹೋಗಲೊಲ್ಲದೆ ನಡುಮನೆಯಲ್ಲಿ ಧರಣಿ ಕೂರುತ್ತದೆ. ಹುಟ್ಟಿದಾಗಿನಿಂದ ಈ ಇಳಿಜಾರಿನಲ್ಲೇ ಬೆಳೆದ ನಮ್ಮ ಯಜಮಾನರು ಮಟ್ಟಸವಾದ ನೆಲದ ಮೇಲೆ ಒಂದು ಭುಜ ಎತ್ತಿಕೊಂಡು ನಡೆಯುವುದನ್ನು ನೋಡಿ, ಕುಡಿತ ಯಾವಾಗಿನಿಂದ ಎಂದು ನಾದಿನಿಯೇ ನನ್ನನ್ನು ಗುಟ್ಟಾಗಿ ಕೇಳಿದಳು.

ಇಷ್ಟನ್ನೂ ಅಲ್ಲಲ್ಲಿ ಮರದ ಚಕ್ಕೆ ತುರುಕಿ ನಾವು ಸುಧಾರಿಸಿಕೊಂಡೇವು. ನಮ್ಮ ಅತ್ತೆಯವರ ಕಾಲಡಿಗೆ ಏನು ತುರುಕಲಿ ಎಂಬುದು ನನ್ನ ನಿಜವಾದ ದೂರು.

ಅವರಿಗೆ ಕಣ್ಣು ಕಾಣುವುದಿಲ್ಲ. ಇದನ್ನು ತಾವು ಗಮನಿಸಲಿಲ್ಲ, ಸಂಘದವರೂ ಗಮನಿಸಲಿಲ್ಲ, ಗಮನಿಸುವ ಹಾಗೂ ಇರಲಿಲ್ಲ, ಏಕೆಂದರೆ ಅವರಷ್ಟೂ ಮಂದಿಗೆ ಟೀ ತಂದುಕೊಟ್ಟವರು ಅವರೇ. ದೃಷ್ಟಿ ಸ್ವಲ್ಪಸ್ವಲ್ಪವಾಗಿ ಹೋಗಿ ಪೂರ್ತಿ ಆರಿ ವರ್ಷಗಳಾದವು. ಕಣ್ಣು ಹೋಗಿರೋದು ನಂದು, ಊರಿಗೆಲ್ಲ ಯಾಕೆ ಡಂಗುರ, ಎಂದು ಅವರು ನಮ್ಮ ಬಾಯಿಗೆ ಬೀಗ ಹಾಕಿದ್ದರು. ಕೋಲು ಹಿಡಿದವರಲ್ಲ, ಗೋಡೆ ತಡವಿಕೊಂಡು ನಡೆಯುವುದು ಕಳ್ಳರ ಕೆಲಸ ಎನ್ನುವವರು. ಅವರಿಗೆ ದಾರಿ ತೋರಿಸುತ್ತಿದ್ದುದು ನೆಲ. ಪಾದ ಇಳಿಜಾರು ಹಿಡಿದರೆ ಅಡುಗೆಮನೆ, ಏರು ಹಿಡಿದರೆ ಬೀದಿಬಾಗಿಲು, ಎಡಗಾಲು ಮೇಲೆ ಬಲಗಾಲು ಕೆಳಗೆ ಬಂದರೆ ಮಂಚ. ಇದನ್ನೆಲ್ಲ ಬಹಿರಂಗವಾಗಿ ಬರೆಯಲು ಅವರ ಅಪ್ಪಣೆ ಪಡೆದಿದ್ದೇನೆ, ಒಂದು ಷರತ್ತಿನ ಮೇಲೆ: ಆ ಟೀ ಒಂದು ತೊಟ್ಟೂ ಚೆಲ್ಲಲಿಲ್ಲ ಎಂಬುದನ್ನು ಬಿಡದೆ ಬರೆಯಬೇಕು. ಚೆಲ್ಲಲಿಲ್ಲ.

ಹೊಸ ನೆಲದ ಮೇಲೆ ಕಾಲಿಟ್ಟ ಅತ್ತೆ ಎಂದಿನಂತೆ ಬಿರುಸಾಗಿ ನಾಲ್ಕು ಹೆಜ್ಜೆ ಹಾಕಿ ನಿಂತುಬಿಟ್ಟರು. ಪಾದವನ್ನು ಆ ಕಡೆ ಈ ಕಡೆ ಸವರಿದರು. ಆಮೇಲೆ ನನ್ನ ತೋಳು ಹಿಡಿದು, ಯಾರ ಮನೆಗೆ ಕರ್ಕೊಂಡು ಬಂದ್ಯೇ, ಎಂದು ಕೇಳಿದರು. ಸಂಘದವರು ಅದನ್ನು ಹೊಗಳಿಕೆಯೆಂದು ತಿಳಿದು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಅಂದಿನಿಂದ ಅತ್ತೆಯವರ ವಾಸ ಅಂಗಳದಲ್ಲಿ. ಅಂಗಳದಲ್ಲಿ ತಮ್ಮ ಪಾದಾರ್ಪಣೆ ಆಗದಿರುವುದರಿಂದ ಅದು ಮಾವನವರು ಬಿಟ್ಟುಹೋದಂತೆಯೇ ಏರುಪೇರಾಗಿದ್ದು, ಅಲ್ಲಿ ಅವರು ಈಗಲೂ ಸರಾಗವಾಗಿ ಓಡಾಡುತ್ತಾರೆ. ಮಲಗಲು ಮಾತ್ರ ನನ್ನ ಕೈ ಹಿಡಿದು ಒಳಗೆ ಬಂದು, ಬೆಳಗಾಗುತ್ತಲೇ ಹೊರಗೆ ಕರೆದೊಯ್ಯೆಂದು ಕೂಗುತ್ತಾರೆ. ಮಳೆಯ ದಿನಗಳು ಹತ್ತಿರವಾದವು, ಒಳಗೇ ಇರಿ ಎಂದು ನಾವೆಲ್ಲ ಸುತ್ತ ನಿಂತು ಕರೆದೆವು. ಹೊರಗಿದ್ರೆ ನಾನು ಇವನಮ್ಮ, ನಿನ್ನತ್ತೆ; ಒಳಗೆ ಬಂದ್ರೆ ಕುರುಡಿ ಕಣೇ, ಇಲ್ಲೇ ಇರ್ತೀನಿ ಬಿಡು, ಎಂದರು. ಮದುವೆಯಾಗಿ ಬಂದ ದಿನದಿಂದ ಅವರ ಜೊತೆ ಜಗಳವಾಡಿದ್ದೇನೆ, ಒಮ್ಮೆಯೂ ಗೆದ್ದಿಲ್ಲ. ಅಂಥವರು ಒಂದು ನೆಲಕ್ಕೆ ಸೋತು ಕೂತಿರುವುದನ್ನು ನನ್ನಿಂದ ನೋಡಲಾಗುತ್ತಿಲ್ಲ.

ಆದಕಾರಣ ತಮ್ಮಲ್ಲಿ ಸವಿನಯ ಪ್ರಾರ್ಥನೆಗಳು. ತಮ್ಮ ಗುಳ್ಳೆಯು ದೊಡ್ಡ ಮನಸ್ಸು ಮಾಡಿ, ಒಬ್ಬ ಮುದುಕಿಗಾಗಿ, ಒಂದೇ ಒಂದು ಸಲ ಸುಳ್ಳು ಹೇಳಲು ಒಪ್ಪಬೇಕು. ಅದಕ್ಕೆ ಬೇಕಾದ ಕ್ಷಮೆಯನ್ನು ಪಾದ್ರಿಗಳಿಂದ ಕೊಡಿಸುವ ಜವಾಬ್ದಾರಿ ನನ್ನದು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಭೂಮಿಯೇ ಗುಂಡಗಿದೆಯೆಂದು ನನ್ನ ಮಗಳಿಗೆ ಶಾಲೆಯಲ್ಲಿ ಕಲಿಸಿದ್ದಾರಾದ್ದರಿಂದ, ಮೊದಲು ಅದನ್ನು ಮಟ್ಟಸ ಮಾಡಿ ಮುಗಿಸಿಕೊಂಡು ಬನ್ನಿ, ಆಮೇಲೆ ನಮ್ಮ ನಡುಮನೆಯ ವಿಚಾರ ಮಾತಾಡೋಣ. ಎರಡೂ ಸಾಧ್ಯವಿಲ್ಲವೆಂದಾದರೆ, ಬೀದಿಬಾಗಿಲಿನಿಂದ ಹೊರಟು ಮಂಚದ ಪಕ್ಕ ಹಾದು ಅಡುಗೆಮನೆ ಸೇರುವಂತೆ, ಅತ್ತೆಯವರು ತಟ್ಟೆ ಹಿಡಿದು ನಡೆಯುವಷ್ಟು ಅಗಲದ ಒಂದು ಪಟ್ಟಿಯನ್ನಾದರೂ ಮೊದಲಿದ್ದ ಹಾಗೆ ಡೊಂಕು ಮಾಡಿಕೊಡಬೇಕೆಂದು ಸಂಘದವರಿಗೆ ಶಿಫಾರಸು ಮಾಡಿ. ಉಳಿದ ನೆಲ ತಮ್ಮದು. ಅಲ್ಲಿ ತಾವು ಎಷ್ಟು ನೆಟ್ಟಗೆ ಬೇಕಾದರೂ ಇರಬಹುದು. ಎಷ್ಟು ಡೊಂಕು ಎಂದು ನಾಯಕಿ ಖಂಡಿತ ಕೇಳುತ್ತಾಳೆ. ಅದು ಕರಾರುವಾಕ್ಕಾಗಿ ನಮಗೂ ಗೊತ್ತಿಲ್ಲ. ಅಳತೆಯೆಲ್ಲ ಮಾವನವರ ಕಣ್ಣಿನಲ್ಲಿತ್ತು, ಅವರ ಜೊತೆಗೇ ಹೋಯಿತು.

ತಮ್ಮ ನೇರ ನಡೆನುಡಿಗೆ ತಲೆಬಾಗುತ್ತ, ಹಾಗೆ ಬಾಗಿದ ತಲೆಯನ್ನೂ ತಾವು ನೆಟ್ಟಗೆ ಮಾಡಲು ಬರುವುದಿಲ್ಲವೆಂಬ ನಂಬಿಕೆಯಲ್ಲಿರುವ,

ತಮ್ಮ ವಿಶ್ವಾಸಿ,
ಬೀದಿಬಾಗಿಲ ತನಕ ಬಂದು ನಿಂತಿರುವ ಹೊಲಿಗೆಯವಳು

ತಾ.ಕ.: ಮೇಲಿನದನ್ನು ಅಂಗಳದಲ್ಲಿ ಅತ್ತೆಯವರಿಗೆ ಓದಿ ಹೇಳಿದೆ. ನಿಮ್ಮಾವನ ಕಣ್ಣು ಹೋದ್ರೇನಾಯ್ತು, ನನ್ನ ಕಾಲಿಲ್ವೇನೇ, ಎಂದು ಎದ್ದು ಒಳಗೆ ಬಂದರು. ಸಂಘದವರು ಬಿಟ್ಟುಹೋದ ಹಲಗೆಯನ್ನು ನಡುಮನೆಯಲ್ಲಿ ಹಾಸಿ ಅವರನ್ನು ಅದರ ಮೇಲೆ ನಿಲ್ಲಿಸಿದೆವು. ನಮ್ಮ ಯಜಮಾನರು ಮಂಡಿಯೂರಿ ಬೀದಿಬಾಗಿಲ ಕಡೆಯ ತುದಿಯ ಕೆಳಗೆ ಮಗಳ ಹಳೆಯ ಪಠ್ಯಪುಸ್ತಕಗಳನ್ನು ಒಂದೊಂದಾಗಿ ಸೇರಿಸುತ್ತ ಹೋದರು. ಇನ್ನೊಂಚೂರು ಎತ್ತೋ, ಜಾಸ್ತಿಯಾಯ್ತು, ಆ ದಪ್ಪದ್ದು ತೆಗೆದು ತೆಳ್ಳಗಿರೋದು ಹಾಕು, ಎಂದು ಮಗನನ್ನು ಬೆವರಿಳಿಸಿದ ಮೇಲೆ, ಗಣಿತ ತೆಗೆದು ವ್ಯಾಕರಣ ಹಾಕಿದಾಗ, ಅತ್ತೆ ಉಸಿರು ಬಿಟ್ಟು, ಹಾಂ, ಈಗ ಮನೆಗೆ ಬಂದೆ, ಎಂದರು. ಆಗ ತಮ್ಮನ್ನು ಅವರ ಪಾದದ ಪಕ್ಕದಲ್ಲಿ ಮಲಗಿಸಿ, ತಮ್ಮ ಕೆಳತುದಿಯ ಅಡಿಗೆ ಕೋಟಿನ ಗುಂಡಿಗಳನ್ನು ಒಂದರ ಮೇಲೊಂದು ಇಡುತ್ತ ಹೋದೆ. ಗುಳ್ಳೆ ನಡುವಿಗೆ ಬಂದು ನಿಂತ ಕೂಡಲೇ ಅವುಗಳನ್ನು ಗಟ್ಟಿ ಅಂಟಿನಿಂದ ತಮ್ಮ ಮೈಗೇ ಅಂಟಿಸಿಬಿಟ್ಟೆ. ಈಗ ಅಷ್ಟೇ ಡೊಂಕಿನ ನೆಲದ ಮೇಲೆ ತಮ್ಮನ್ನು ಮಲಗಿಸಿದರೆ ಮಾತ್ರ ತಾವು ನೆಟ್ಟಗಿದೆ ಎನ್ನುತ್ತೀರಿ, ಅದೂ ಯಾವ ಸುಳ್ಳೂ ಹೇಳದೆ. ಪಟ್ಟಿಯ ಕೆಲಸ ಮುಗಿಯುವ ತನಕ ಗುಂಡಿ ಕೀಳಕೂಡದೆಂದು ನಾಯಕಿಗೆ ತಿಳಿಸಿ. ಅಲ್ಲಿಯವರೆಗೆ ಅತ್ತೆಯವರೂ ಹಲಗೆ ಬಿಟ್ಟು ಇಳಿಯುವುದಿಲ್ಲವೆಂದು ಅದರ ಮೇಲೆಯೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಾರೆ. ಅವರ ಹಠವನ್ನು ಅಳೆಯುವ ಸಲಕರಣೆ ತಮ್ಮ ಪೆಟ್ಟಿಗೆಯಲ್ಲಿ ಯಾವುದೂ ಇಲ್ಲ.