ಕೆಳಗಿನ ಓಣಿಯ ಮೆಜಾರಿಟಿ

ಸರ್ಕಾರಿ ನೌಕರಿ ಮಾಡೋನು ಒಂದು ಇಂಗ್ಲಿಷ್ ಪದ ತಗೊಂಡು ಊರೊಳಗೆ ಹೋದರೆ ಏನಾದರೂ ಒಂದು ಆಗೇ ಆಗುತ್ತದೆ, ಆಗದೆ ಬಿಟ್ಟ ದಿನ ನನಗಂತೂ ನೆನಪಿಲ್ಲ. ತೊಂಬತ್ತರ ದಶಕದಲ್ಲಿ ನಾನು ತಂಬ್ರಹಳ್ಳಿ ಕಡೆಯ ಒಂದು ಊರಿಗೆ ಪಂಚಾಯ್ತಿ ಸೆಕ್ರೆಟರಿಯಾಗಿ ಹೋದೆ. ನಾನು ತಗೊಂಡು ಹೋದ ಪದ ‘ಮೆಜಾರಿಟಿ’. ತಪ್ಪು ನಂದೇ, ಒಪ್ಪಿಕೊಂಡೇ ಶುರು ಮಾಡ್ತೀನಿ.

ಪುಸ್ತಕದ ನೀರು

ಪಂಚಾಯ್ತಿಯಲ್ಲಿ ಹನ್ನೊಂದು ಮಂದಿ ಮೆಂಬರು. ಅವರಲ್ಲಿ ಕೆಳಗಿನ ಓಣಿಯ ಪರವಾಗಿ ಮಾತಾಡುತ್ತಿದ್ದವನು ಒಬ್ಬನೇ. ಕುರಿ ಸಾಕಿದ್ದ, ಊರೆಲ್ಲ ಆತನನ್ನು ಕುರಿ ಮೆಂಬರ ಅಂತಲೇ ಕರೆಯೋರು. ಆತನದು ಒಂದೇ ಬೇಡಿಕೆ: ಕೆಳಗಿನ ಓಣಿಗೊಂದು ನಳ. ಅಲ್ಲಿನ ಹೆಂಗಸರು ಹೊಲದ ಬಾವಿಗಿಳಿದು ನೀರು ತರಬೇಕಿತ್ತು. ನಾನು ಹೋಗುವ ಹಿಂದಿನ ವಾರವಷ್ಟೇ ಆತನ ಹೆಂಡತಿ ಬಾವಿ ಮೆಟ್ಟಿಲ ಮೇಲೆ ಕೊಡದ ಸಮೇತ ಜಾರಿ ಬಿದ್ದು ಕಾಲು ಮುರಕೊಂಡಿದ್ದಳು. ಅಷ್ಟಾದರೂ ನಳವೆಲ್ಲ ಮೇಲಿನ ಓಣಿಗೇ ಬೀಳುತ್ತಿತ್ತು, ಯಾಕೆಂದರೆ ಅಧ್ಯಕ್ಷರ ಮನೆ ಇದ್ದದ್ದು ಅಲ್ಲಿ.

ಮೊದಲ ಮೀಟಿಂಗಿನಲ್ಲಿ ನಾನು ದೊಡ್ಡ ಮೇಷ್ಟ್ರ ಥರ ತಿಳಿಸಿ ಹೇಳಿದೆ. “ಹನ್ನೊಂದರಾಗ ಆರು ಮಂದಿ ಕೈ ಎತ್ತಿದ್ರ ಅದಕ್ಕ ಮೆಜಾರಿಟಿ ಅಂತಾರ. ಅವರು ಹೇಳಿದ್ದ ಠರಾವು, ಅಂದ್ರ ಪಂಚಾಯ್ತಿ ತೀರ್ಮಾನ.”

ಕುರಿ ಮೆಂಬರ ಎದ್ದು ನಿಂತ. “ಸಾಹೇಬ್ರ, ಕೆಳಗಿನ ಓಣ್ಯಾಗ ನೀರು ಐತಿ ಅಂತ ಆರು ಮಂದಿ ಕೈ ಎತ್ತಿದ್ರ?”

“ಠರಾವು ಪಾಸಾಗತೈತಿ.”

“ನೀರು ಬರತಾವೇನ್ರಿ?”

“ಓಣಿಗೆ ಬರಂಗಿಲ್ಲ. ಪುಸ್ತಕದಾಗ ಬರತಾವ.”

“ಹಂಗಾದ್ರ ಆ ಪುಸ್ತಕ ಕೊಡ್ರಿ,” ಅಂದ ಆತ, “ಮನಿಗೆ ಒಯ್ದು ಕೊಡದಾಗ ಹಿಂಡಿಕೊಂತೀವಿ!”

ಸರ್ಕಾರ ನಡೆಸೋರು

ಆ ಪದವನ್ನು ನಾನು ಮನೆಗೂ ಹೊತ್ತುಕೊಂಡು ಹೋದೆ. ಒಂದು ಭಾನುವಾರ ನನಗೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿನ್ನುವ ಚಪಲ ಹತ್ತಿತು. ಹೆಂಡತಿ ಉಪ್ಪಿಟ್ಟಿಗೆ ರವೆ ಹುರಿದಿಟ್ಟಿದ್ದಳು. ನಾನು ಇಬ್ಬರು ಮಕ್ಕಳನ್ನೂ, ಊರಿಂದ ಬಂದಿದ್ದ ನಮ್ಮ ಅವ್ವನನ್ನೂ ಪಕ್ಕಕ್ಕೆ ಕೂಡಿಸಿಕೊಂಡು ಕೈ ಎತ್ತಿಸಿದೆ. ಈ ಕಡೆ ನಾಲ್ಕು, ಆ ಕಡೆ ಒಂದು.

“ನೋಡು, ಮೆಜಾರಿಟಿ!” ಅಂದೆ, ಎದೆ ಉಬ್ಬಿಸಿ.

ಹೆಂಡತಿ ಜಗಳ ಆಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು, ನನ್ನ ಕುರ್ಚಿಯಲ್ಲಿ ಕೂತು ನನ್ನ ಪೇಪರ್ ಬಿಡಿಸಿದಳು.

“ಮತ್ತ ಬಜ್ಜಿ?” ಅಂದೆ.

“ಮೆಜಾರಿಟಿ ಬಂದೋರ ಸರ್ಕಾರ ನಡಸಬೇಕಲ್ರಿ. ಹೋಗ್ರಿ, ಸ್ಟೋ ಹಚ್ರಿ.”

ಬಸ್ಸಿನ ಮೇಲಿನ ಎಂಟು ಮಂದಿ

ಇಷ್ಟರೊಳಗೆ ಕೆಳಗಿನ ಓಣಿಯ ನಳದ ಅರ್ಜಿ ಎರಡು ಸಲ ಬಿದ್ದು ಹೋಗಿತ್ತು. ಎರಡೂ ಸಲ ಆ ಕಡೆ ಹತ್ತು ಕೈ, ಈ ಕಡೆ ಕುರಿ ಮೆಂಬರನ ಒಂದೇ ಕೈ. ಆದರೆ ಆತ ಪಾಠ ಚೆನ್ನಾಗಿ ಕಲಿತಿದ್ದ ಅನ್ನೋದು ನನಗೆ ತಿಳಿದದ್ದು ಬಸ್ಸಿನಲ್ಲಿ.

ಹಗರಿಬೊಮ್ಮನಹಳ್ಳಿ ಸಂತೆ ಮುಗಿಸಿ ಪ್ರೈವೇಟ್ ಬಸ್ಸಿನಲ್ಲಿ ಬರುತ್ತಿದ್ದೆವು. ಕುರಿ ಮೆಂಬರನೂ ಇದ್ದ. ಆತ ಸಂತೆಯಲ್ಲಿ ತಗೊಂಡ ಎಂಟು ಕುರಿ ಬಸ್ಸಿನ ಮೇಲೆ ಬಿಸಿಲಲ್ಲಿ ನಿಂತಿದ್ದವು. ದಾರಿಯಲ್ಲಿ ಡ್ರೈವರ್ ಒಂದು ಹೋಟೆಲ್ ಮುಂದೆ ನಿಲ್ಲಿಸಿ, “ಚಾ ಕುಡಿಯೋಣೇನ್ರಿ?” ಅಂದ. ಕುರಿ ಮೆಂಬರನಿಗೆ ತಡೀಲಿಲ್ಲ. “ಬ್ಯಾಡಪಾ, ನಡಿ. ಹೆಂಡ್ತಿ ಇನ್ನೂ ಕುಂಟತಾಳ. ನಾ ಹೋಗಿ ನೀರು ಹೊರಬೇಕು.”

“ಕೈ ಎತ್ರಿ, ಮೆಜಾರಿಟಿ ನೋಡೋಣ,” ಅಂದ ಕಂಡಕ್ಟರ್. ಪದ ಅಲ್ಲಿವರೆಗೂ ಹೋಗಿತ್ತು ನೋಡ್ರಿ! ಚಾ ಬೇಕು ಅಂದವರು ಹನ್ನೆರಡು, ಬೇಡ ಅಂದವರು ಐದು.

“ಮ್ಯಾಲಿನ ಎಂಟು ಸೇರಸು,” ಅಂದ ಕುರಿ ಮೆಂಬರ. “ಹದಿಮೂರು ಆತು.”

“ಕುರಿಗೆ ಎಲ್ಲಿ ಓಟು ತಂದ್ಯೋ ಯಜಮಾನ?”

“ಅವಕ್ಕೂ ನೀನ ಟಿಕೀಟು ಹರದೀಯಲ್ಲೋ! ಟಿಕೀಟು ತಗೊಳ್ಳಾಕ ಬರತೈತಿ, ಓಟಿಗೆ ಬರಂಗಿಲ್ಲೇನು?” ಅಂದವನೇ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕುರಿ ಕರೆಯುವ ಹಾಗೆ ‘ಹುರ್ರ್’ ಅಂದ. ಮೇಲೆ ಎಂಟೂ ಒಟ್ಟಿಗೇ ‘ಬ್ಯಾ’ ಅಂದವು.

“ಕೇಳಿದೇನು? ಬ್ಯಾಡ ಅಂತಾವ,” ಅಂದ. ಬಸ್ಸು ಹೊರಟಿತು.

ಬಾಗಿಲ ಹಿಂದಿನ ಬಳೆ

ಮೂರನೇ ಸಲ ನಳದ ಅರ್ಜಿ ಬರುವ ಹೊತ್ತಿಗೆ ತಾಲ್ಲೂಕಿನಿಂದ ಒಂದು ಆದೇಶ ಬಂತು. ನಮ್ಮಲ್ಲಿ ನಾಲ್ವರು ಹೆಣ್ಣು ಮೆಂಬರು ಇದ್ದರು. ಇದ್ದರು ಅಂದರೆ ಪುಸ್ತಕದಲ್ಲಿ ಇದ್ದರು. ಎರಡು ವರ್ಷದಿಂದ ಮೀಟಿಂಗಿಗೆ ಬಂದು, ಕುರ್ಚಿ ಮೇಲೆ ಕೂತು, ಚಾ ಕುಡಿದು ಕೈ ಎತ್ತುತ್ತಿದ್ದವರು ಅವರ ಗಂಡಂದಿರು. ಇನ್ನು ಮೇಲೆ ಮೆಂಬರೇ ಬರಬೇಕು ಅನ್ನೋದು ಆದೇಶ.

ಆ ದಿನ ನಾಲ್ವರೂ ಬಂದರು. ಆದರೆ ಒಳಗೆ ಬರಲೊಲ್ಲರು. “ಮಾವಾರು ಕುಂತಾರಲ್ರಿ, ಅವರ ಮುಂದ ಹೆಂಗ ಬರೂದು?” ಅಂತ ಬಾಗಿಲ ಹಿಂದೆಯೇ ನಿಂತರು. ಮಾವಾರು ಅಂದರೆ ಅಧ್ಯಕ್ಷರು. ನಾಲ್ವರಲ್ಲಿ ಒಬ್ಬಾಕಿ ಅವರ ಸ್ವಂತ ಸೊಸೆ, ಉಳಿದವರೂ ಒಂದಲ್ಲ ಒಂದು ಕಡೆಯಿಂದ ಸೊಸೆಯರೇ.

ಅಧ್ಯಕ್ಷರಿಗೆ ಇದು ಬಲು ಹಿಡಿಸಿತು. “ಮರ್ಯಾದಿ ಅಂದ್ರ ಇದು! ಅಲ್ಲಿಂದನ ಕೈ ಚಾಚಲಿ, ಎಣಿಸಿಕೊಳ್ರಿ,” ಅಂದರು.

ನಳ ಮೇಲಿನ ಓಣಿಗೇ ಆಗಲಿ ಅನ್ನೋರು ಎಷ್ಟು ಅಂತ ಕೇಳಿದೆ. ಆರು ಗಂಡಸರ ಕೈ ಎದ್ದವು. ಕೆಳಗಿನ ಓಣಿಗೆ ಅನ್ನೋರು? ಕುರಿ ಮೆಂಬರ ಕೈ ಎತ್ತಿ ಕಣ್ಣು ಮುಚ್ಚಿಕೊಂಡ. ಪಾಪ, ಆತನ ಮುಖ ನೋಡಿ ನನಗೆ ಸಂಕಟವಾಯಿತು. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಬಳೆ ಸದ್ದು. ಒಂದು ಕೈ ಬಂತು, ಎರಡು ಬಂತು, ನಾಲ್ಕು ಬಂತು. ಐದು, ಆರು ಬಂತು. ಒಂದು ಕೈಗೆ ಇನ್ನೂ ರೊಟ್ಟಿ ಹಿಟ್ಟು ಮೆತ್ತಿಕೊಂಡಿತ್ತು. ಎಣಿಸಿ ಮುಗಿಸಿದಾಗ ಒಂಬತ್ತು.

“ನಾಕು ಮಂದಿಗೆ ಒಂಬತ್ತು ಕೈ ಹೆಂಗ್ರಿ?” ಅಂತ ಅಧ್ಯಕ್ಷರು ಕೂಗಿದರು. “ಎರಡೆರಡು ಎತ್ತಿದ್ರೂ ಎಂಟ ಆಗತಾವ! ಯಾರಾರ ಹೋಗಿ ನೋಡ್ರಿ!”

ಯಾರು ಹೋಗ್ತಾರೆ? ಒಬ್ಬನಿಗೆ ತಮ್ಮನ ಹೆಂಡತಿ, ಇನ್ನೊಬ್ಬನಿಗೆ ಸೊಸೆ. ಮುಖ ನೋಡುವ ಹಾಗಿಲ್ಲ. ಅಧ್ಯಕ್ಷರಂತೂ ಹೋಗೋ ಹಾಗೇ ಇಲ್ಲ, ಮರ್ಯಾದೆ ಅಂತ ಈಗಷ್ಟೇ ಹೊಗಳಿದ್ದರು. ಕೊನೆಗೆ ಪರ ಊರಿನವ ಅಂತ ನನ್ನನ್ನೇ ಅಟ್ಟಿದರು. ಹೋದೆ. ಒಂಬತ್ತು ಸೆರಗು ಒಟ್ಟಿಗೇ ಮುಖದ ಮೇಲೆ ಇಳಿದವು. ಎರಡು ವರ್ಷದಲ್ಲಿ ಒಬ್ಬ ಹೆಣ್ಣು ಮೆಂಬರನ್ನೂ ನಾನು ಕಂಡಿರಲಿಲ್ಲ, ಗುರುತು ಎಲ್ಲಿ ಹಿಡೀಲಿ?

“ಮೆಂಬರು ಯಾರ್ರಮ್ಮಾ?” ಅಂದೆ.

“ನಾವ್ರಿ,” ಅಂದರು ಒಂಬತ್ತೂ ಮಂದಿ.

“ಮೆಂಬರ್ ಅಲ್ಲದೋರ ಕೈ ನಡಿಯಂಗಿಲ್ರಿ.”

ಆಗ ಒಂದು ಸೆರಗು, ಒಳಗೆ ಕೇಳಲಿ ಅಂತಲೇ ಗಟ್ಟಿಯಾಗಿ ಹೇಳಿತು. “ಸಾಹೇಬ್ರ, ಎರಡು ವರ್ಷ ನಮ್ಮ ಬದ್ಲಿ ನಮ್ಮ ಗಂಡಂದ್ರು ಕೈ ಎತ್ತಿದ್ರಲ್ಲ, ಅವರೇನು ಮೆಂಬರಾ? ಯಾವ ಓಣಿ ಆದ್ರೂ ಕೊಡ ಹೊರೋರು ನಾವು. ಇವತ್ತು ನಮ್ಮ ಜತಿಗೆ ಕೆಳಗಿನ ಓಣ್ಯಾಗ ನೀರು ಹೊರೋರೂ ಎತ್ಯಾರ. ಇವನ್ನ ತಗೀತಿದ್ರ ಅವನ್ನೂ ತಗೀರಿ.”

ಒಳಗೆ ಅಧ್ಯಕ್ಷರು ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತರು. ದನಿ ಅವರ ಸೊಸೆಯದು. ನಾನು ವಾಪಸ್ ಬಂದು ಕೂತೆ. ಎರಡು ವರ್ಷದ ಅಷ್ಟೂ ಠರಾವಿನ ಕೆಳಗೆ ನನ್ನ ಸಹಿಯೂ ಇತ್ತಲ್ಲ!

ಅಧ್ಯಕ್ಷರು ಬಗ್ಗಿ ಮೆಲ್ಲಗೆ ಕೇಳಿದರು. “ಆಕಿ ಹೇಳಿದಂಗ ತಗದ್ರ, ನಮ್ಮನಿ ಮುಂದಿನ ಚರಂಡಿ ಠರಾವೂ ಹೋಗತೈತೇನ್ರಿ?”

“ಮೆಂಬರ್ ಅಲ್ಲದೋರು ಕುಂತ ಮೀಟಿಂಗಿಂದು ಅಷ್ಟೂ ಹೋಗತೈತ್ರಿ. ಅದರ ಹಿಂದ ನಾನೂ ಹೋಗತೀನಿ.”

ಅವರು ಒಂದು ಸಲ ಬಾಗಿಲ ಕಡೆ ನೋಡಲು ಹೋಗಿ, ಮರ್ಯಾದೆ ನೆನಪಾಗಿ, ಗೋಡೆ ನೋಡಿದರು. “ಬರಕೊಳ್ರಿ. ನಳ ಕೆಳಗಿನ ಓಣಿಗೆ.”

ಹೊರಗೆ ಒಂಬತ್ತು ಕೈಯ ಬಳೆ ಒಟ್ಟಿಗೇ ಘಲ್ಲೆಂದವು. ಕುರಿ ಮೆಂಬರ ಆಗ ಕಣ್ಣು ತೆರೆದು, ಕುರ್ಚಿ ಮೇಲೆ ಕೂತಲ್ಲೇ ಸಣ್ಣ ಹುಡುಗನ ಹಾಗೆ ಅತ್ತುಬಿಟ್ಟ.  ನಾನು ಪೆನ್ನು ತೆಗೆದೆ.

“ಎಷ್ಟು ಕೈ ಅಂತ ಬರೀಲ್ರಿ, ಅಧ್ಯಕ್ಷರ?”

“ಕೈ ಎಣಿಸಾಕ ಹೋಗಬ್ಯಾಡೋ ಮಾರಾಯ!” ಅಂದರು ಅವರು, ಎರಡೂ ಕೈ ಮುಗಿದು. “ಮೆಜಾರಿಟಿ ಅಂತ ಇಂಗ್ಲಿಷಿನಾಗ ಬರದು ಪುಸ್ತಕ ಮುಚ್ಚು!”