ಯಜಮಾನರ ನೀಲಿ ಹೂವು

ಕಾಫಿ ಪುಡಿ ಅಂಗಡಿಯ ಯಜಮಾನರಿಗೆ ಎರಡು ಹೆಮ್ಮೆ. ಒಂದು, 'ಚಿಕೋರಿ ಸೋಕದ ಶುದ್ಧ ಪುಡಿ' ಎಂಬ ಅಂಗಡಿಯ ಬೋರ್ಡು. ಇನ್ನೊಂದು ಆ ದಿನ ಬೆಳಿಗ್ಗೆ ಹುಟ್ಟಿದ್ದು: ಬೋರ್ಡಿನ ಕೆಳಗೆ, ಚರಂಡಿಯ ಅಂಚಿನಲ್ಲಿ, ಕಡ್ಡಿಯಂಥ ಗಿಡದಲ್ಲಿ ಅರಳಿದ ತಿಳಿನೀಲಿ ಹೂವುಗಳು.

ರಸ್ತೆಬದಿಯ ಕಳೆ, ಕಿತ್ತು ಬಿಸಾಕಿ ಎಂದ ಎದುರಿನ ಕ್ಷೌರದಂಗಡಿಯವನು. ಯಜಮಾನರಿಗೆ ಮೈಯೆಲ್ಲ ಉರಿಯಿತು. ಇಂಥ ಹೂವು ಈ ಊರಲ್ಲಿ ಯಾರ ಕಣ್ಣಿಗೂ ಬಿದ್ದಿಲ್ಲ, ಇದಕ್ಕೆ ನನ್ನ ಹೆಸರೇ ಇಡುತ್ತಾರೆ ನೋಡುತ್ತಿರು ಎಂದು ಸವಾಲು ಹಾಕಿ, ಕಾಲೇಜಿನ ಸಸ್ಯಶಾಸ್ತ್ರದ ಮೇಡಮ್‌ಗೆ ಫೋನು ಮಾಡಿದರು. ಮಧ್ಯಾಹ್ನ ಬರುತ್ತೇನೆಂದರು ಮೇಡಮ್. ಯಜಮಾನರು ವ್ಯಾಪಾರ ಬಿಟ್ಟು ಗಿಡದ ಸುತ್ತ ಇಟ್ಟಿಗೆ ಜೋಡಿಸಿದರು, ನೀರೆರೆದರು, ಕೊಡೆ ಹಿಡಿದು ನಿಂತರು. ಬಂದ ಗಿರಾಕಿಗಳಿಗೆ ಪುಡಿಗಿಂತ ಮೊದಲು ಹೂವಿನ ದರ್ಶನವಾಯಿತು.

ಬಿಸಿಲೇರುತ್ತಿದ್ದಂತೆ ಹೂಗಳೆಲ್ಲ ಮುದುಡಿಕೊಂಡವು. ಪಕ್ಕದ ದರ್ಜಿ ಗೊಬ್ಬರವಾಗಲಿ ಎಂದು ಇಸ್ತ್ರಿಪೆಟ್ಟಿಗೆಯ ಬೂದಿ ಸುರಿದಿದ್ದ. ಅದರಿಂದಲೇ ಸತ್ತವು ಎಂದು ಯಜಮಾನರು ಅವನ ಮೇಲೆ ಹರಿಹಾಯ್ದರು. ಮಾತು ಕೊರಳಪಟ್ಟಿಯವರೆಗೆ ಹೋಗುವಷ್ಟರಲ್ಲಿ ಮೇಡಮ್ ಬಂದರು.

ಅವರು ಕುಕ್ಕರುಗಾಲಲ್ಲಿ ಕೂತು, ಒಂದೆಲೆ ಮುರಿದು, ಒಸರಿದ ಹಾಲನ್ನು ನೋಡಿದರು. ಬೂದಿಯ ತಪ್ಪೇನಿಲ್ಲ, ಬೆಳಿಗ್ಗೆ ಅರಳಿ ಬಿಸಿಲೇರಿದ ಮೇಲೆ ಮುಚ್ಚಿಕೊಳ್ಳುವುದೇ ಇದರ ಗುಣ ಎಂದರು. ಹೊರದೇಶದಿಂದ ಬಂದು, ಹೊಲ, ರಸ್ತೆಬದಿಗಳಲ್ಲಿ ತಾನೇ ನೆಲೆಯೂರಿದ ಗಿಡವಂತೆ. ಯಜಮಾನರು ಎದೆಯುಬ್ಬಿಸಿ ಹೆಸರು ಕೇಳಿದರು.

"ಇದೇ ಚಿಕೋರಿ. ಇದರ ಬೇರು ಹುರಿದು ಕಾಫಿ ಪುಡಿಗೆ ಬೆರೆಸ್ತಾರಲ್ಲ, ಅದು."

ಎಲ್ಲರ ಕಣ್ಣು ಗಿಡದಿಂದ ಬೋರ್ಡಿಗೆ ಏರಿತು. ಕ್ಷೌರದವನು ಮುಖಕ್ಕೆ ಟವೆಲು ಮುಚ್ಚಿಕೊಂಡ. ಯಜಮಾನರ ಇಷ್ಟು ವರ್ಷದ ಮಾನ ಹೋಗುವುದರಲ್ಲಿತ್ತು. ಆದರೂ ಅವರು ತಲೆ ತಗ್ಗಿಸಲಿಲ್ಲ. ಅದು ಬಾಗಿಲಲ್ಲಿರಬಹುದು, ಹೊಸಿಲು ದಾಟಿಲ್ಲ ಎಂದು ಗುಡುಗಿ, ಮಹಡಿ ಮೇಲಿನ ಮನೆಯಿಂದ ಹೆಂಡತಿಯ ಕೈಲಿ ಎಲ್ಲರಿಗೂ ಕಾಫಿ ತರಿಸಿದರು.

"ಕುಡಿದು ನೋಡಿ ಮೇಡಮ್. ಮದುವೆಯಾದಾಗಿಂದ ದಿನಾ ನಾನು ಕುಡೀತಿರೋದು ಇದನ್ನೇ. ಶುದ್ಧ ಅಂದ್ರೆ ಇದು."

ಮೇಡಮ್ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಇನ್ನೊಂದು ಗುಟುಕು ಕುಡಿದರು. "ತುಂಬಾ ಚೆನ್ನಾಗಿದೆ. ಚಿಕೋರಿ ಹದವಾಗಿ ಬಿದ್ದಿದೆ."

ಯಜಮಾನರು ನಿಧಾನವಾಗಿ ಹೆಂಡತಿಯತ್ತ ತಿರುಗಿದರು. ಆಕೆ ತಟ್ಟೆ ಹಿಡಿದು ಹೆಮ್ಮೆಯಿಂದಲೇ ನಿಂತಿದ್ದಳು.

"ಇನ್ನೇನ್ರೀ ಮತ್ತೆ? ಬರೀ ನಿಮ್ಮ ಪುಡಿ ಹಾಕಿದ್ರೆ ನೀವೇ ಕುಡೀತಿರ್ಲಿಲ್ಲ."

ದರ್ಜಿ ಲೋಟ ಬರಿದು ಮಾಡಿ ಕೆಳಗಿಟ್ಟ. "ಯಜಮಾನ್ರೇ, ನಾಳೆಯಿಂದ ನನಗೂ ಅಕ್ಕನ ಪುಡೀನೇ ಕಟ್ಟಿಕೊಡಿ."